ನಾಯಿ ಸಾಕುವವರಿಗೆ ಹಿತ್ತಲಿನ ಮೊದಲ ಪಾಠ

ನಾಯಿಮರಿ ಮನೆಗೆ ಬಂದ ಹೊಸದರಲ್ಲಿ ಎಲ್ಲರೂ ಕೇಳುವುದು ಅದರ ಊಟ, ಚುಚ್ಚುಮದ್ದು, ಸ್ನಾನದ ಬಗ್ಗೆ. ದಿನಕ್ಕೆ ಎರಡು ಮೂರು ಸಲ ಅದು ಹಿತ್ತಲಲ್ಲಿ ಕೂತು ಎದ್ದು ಬರುತ್ತದಲ್ಲ, ಆ ಕಕ್ಕವನ್ನು ಏನು ಮಾಡಬೇಕು ಎಂದು ಕೇಳುವವರು ಅಪರೂಪ. ಕೇಳಲು ಸಂಕೋಚ, ಹೇಳಲೂ ಸಂಕೋಚ. ಆರು ತಿಂಗಳು ಕಳೆದು ನೊಣ, ವಾಸನೆ, ಪಕ್ಕದ ಮನೆಯವರ ಮನಸ್ತಾಪ, ಮಗುವಿನ ಪಾದದಲ್ಲಿ ತುರಿಕೆ ಎಲ್ಲ ಒಟ್ಟಿಗೆ ಬಂದಾಗ ಪ್ರಶ್ನೆ ಹುಟ್ಟುತ್ತದೆ. ಮೊದಲ ದಿನವೇ ಕಲಿತುಕೊಂಡರೆ ಇದು ದಿನಕ್ಕೆ ಐದು ನಿಮಿಷದ ಕೆಲಸ. ಆ ಐದು ನಿಮಿಷದ ಕೆಲಸವನ್ನು ನಿಧಾನವಾಗಿ, ಕಾರಣ ಸಮೇತ ಹೇಳಿಕೊಡುವುದು ಈ ಲೇಖನದ ಉದ್ದೇಶ.

ನಮ್ಮ ಕಂಟೋನ್ಮೆಂಟ್ ಮತ್ತು ಪೂರ್ವ ಬೆಂಗಳೂರಿನಲ್ಲಿ ಹಿತ್ತಲು ಎಂದರೆ ಒಂದೇ ಬಗೆಯದಲ್ಲ. ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್ ಕಡೆ ಇನ್ನೂ ಉಳಿದಿರುವ ಹಳೆಯ ಬಂಗಲೆಗಳ ಕಾಂಪೌಂಡಿನಲ್ಲಿ ಮಾವು, ಹಲಸಿನ ಮರ, ಒಂದು ಮುಚ್ಚಿದ ಬಾವಿ ಇರುತ್ತವೆ. ಇಂದಿರಾನಗರದ 40×60 ಸೈಟಿನಲ್ಲಿ ಮನೆಯ ಹಿಂದೆ ಒಂದಿಷ್ಟು ಮಣ್ಣು ಉಳಿದಿದ್ದರೆ ಅದೇ ಭಾಗ್ಯ. ಕೆ.ಆರ್.ಪುರದ 30×40 ಮನೆಯಲ್ಲಿ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರು ಅಡಿಯ ಸಿಮೆಂಟಿನ ಸಂದಿ. ಹಲಸೂರಿನ ಹಳೆಯ ಬೀದಿಗಳಲ್ಲಿ, ಶಿವಾಜಿನಗರದ ಒತ್ತೊತ್ತು ಮನೆಗಳಲ್ಲಿ ಅದೂ ಇಲ್ಲ. ನಾಯಿಗೆ ತಾರಸಿಯೇ ಹಿತ್ತಲು. ಎಲ್ಲಕ್ಕೂ ಒಂದೇ ಉಪಾಯ ಹೇಳುವ ಪುಸ್ತಕಗಳು ಇಲ್ಲಿ ಕೈಕೊಡುವುದು ಇದಕ್ಕೇ. ಆದರೆ ಎಲ್ಲ ಮನೆಗೂ ಅನ್ವಯಿಸುವ ಒಂದು ಮಾತಿದೆ: ಅವತ್ತಿನದನ್ನು ಅವತ್ತೇ ಎತ್ತಬೇಕು. ಎತ್ತಿದ್ದನ್ನು ಎಲ್ಲಿ ಹಾಕಬೇಕು ಎನ್ನುವುದು ಆಮೇಲಿನ ಪ್ರಶ್ನೆ. ಏಕೆ ಅವತ್ತೇ ಎನ್ನುವುದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಮೊದಲು ಪ್ರಮಾಣದ ಅಂದಾಜು ಇರಲಿ. ಲ್ಯಾಬ್ರಡಾರ್ ಗಾತ್ರದ ನಾಯಿ ದಿನಕ್ಕೆ ಸುಮಾರು 300 ಗ್ರಾಂ ಮಲ ಹಾಕುತ್ತದೆ. ತಿಂಗಳಿಗೆ 9 ಕಿಲೊ, ವರ್ಷಕ್ಕೆ 100 ಕಿಲೊಗೂ ಮೇಲೆ. ನಮ್ಮ ಬೀದಿಯ ತಳಿಯ ನಾಯಿ, ಅಂದರೆ ಇಂಡಿ, ಗಾತ್ರದಲ್ಲಿ ಚಿಕ್ಕದಾದ್ದರಿಂದ ಕಡಿಮೆ. ತಿನ್ನುವುದು ಬರೀ ಅನ್ನವಾದರೆ ರಾಶಿ ಹೆಚ್ಚು, ಮಾಂಸ ಮೊಟ್ಟೆ ಸೇರಿದ್ದರೆ ಕಡಿಮೆ ಮತ್ತು ಗಟ್ಟಿ. "ಒಂದು ಮೂಲೆಯಲ್ಲಿ ಬಿದ್ದಿರಲಿ, ಒಣಗಿ ಮಣ್ಣಾಗುತ್ತದೆ" ಎನ್ನುವವರು ಈ ನೂರು ಕಿಲೊವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಲಿ.

"ಹಸುವಿನ ಸಗಣಿ ಗೊಬ್ಬರ ಆಗುವುದಿಲ್ಲವೇ, ಇದೂ ಹಾಗೇ ಅಲ್ಲವೇ?" ನನ್ನನ್ನು ಅತಿ ಹೆಚ್ಚು ಜನ ಕೇಳಿರುವ ಪ್ರಶ್ನೆ ಇದು, ಮತ್ತು ನ್ಯಾಯವಾದ ಪ್ರಶ್ನೆ. ಸಗಣಿಯಲ್ಲಿ ಅಂಗಳ ಸಾರಿಸಿದ ಮನೆಗಳಿಂದ ಬಂದವರು ನಾವು. ಆದರೆ ಹಸು ಹುಲ್ಲು ತಿನ್ನುವ ಪ್ರಾಣಿ. ಅದರ ಸಗಣಿ ಅರೆಬರೆ ಜೀರ್ಣವಾದ ನಾರು. ನಾಯಿ ಮಾಂಸಾಹಾರಿ, ನಮ್ಮ ಜತೆ ನಮ್ಮ ಮನೆಯೊಳಗೇ ಇರುವ ಪ್ರಾಣಿ. ಅದರ ಕರುಳಿನಲ್ಲಿರುವ ಹಲವು ಹುಳುಗಳಿಗೆ, ಸೂಕ್ಷ್ಮಜೀವಿಗಳಿಗೆ ನಮ್ಮ ದೇಹವೂ ದಾರಿ. ಗುಲಾಬಿ ಕುಂಡಕ್ಕೆ, ಕರಿಬೇವಿನ ಬುಡಕ್ಕೆ ನಾಯಿ ಕಕ್ಕ ಹಾಕುವುದನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ದಯವಿಟ್ಟು ಇವತ್ತೇ ನಿಲ್ಲಿಸಿ. ಪುದೀನ, ಕೊತ್ತಂಬರಿ, ಟೊಮೆಟೊ ಬೆಳೆಯುವ ಮಣ್ಣಿಗಂತೂ ಅದು ತಾಗಲೇಬಾರದು. ಅವನ್ನು ನಾವು ಹಸಿಯಾಗಿಯೇ ತಿನ್ನುತ್ತೇವೆ.

ಈಗ ಹುಳುಗಳ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇಡೀ ಪಾಠದ ತಿರುಳು ಇದೇ.

ನಾಯಿಮರಿಗಳಲ್ಲಿ ತೀರ ಸಾಮಾನ್ಯವಾದದ್ದು ದುಂಡುಹುಳು, ಶಾಸ್ತ್ರೀಯ ಹೆಸರು ಟಾಕ್ಸೊಕಾರ ಕ್ಯಾನಿಸ್. ಮರಿ ತಾಯಿಯ ಹೊಟ್ಟೆಯಲ್ಲಿರುವಾಗಲೇ ಇದು ಅಂಟಿಕೊಂಡುಬಿಡುತ್ತದೆ. ಆದ್ದರಿಂದ "ನಮ್ಮದು ಶುದ್ಧ ತಳಿ, ಮನೆಯಿಂದ ಆಚೆಯೇ ಬಿಟ್ಟಿಲ್ಲ" ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಒಂದು ಹೆಣ್ಣು ಹುಳು ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡಬಲ್ಲದು, ಅವೆಲ್ಲ ಮಲದಲ್ಲಿ ಹೊರಬರುತ್ತವೆ. ಗಮನಿಸಬೇಕಾದ್ದು ಇಲ್ಲಿ: ಹೊರಬಂದ ಕ್ಷಣದಲ್ಲಿ ಆ ಮೊಟ್ಟೆಯಿಂದ ಯಾರಿಗೂ ರೋಗ ತಗಲುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಕಳೆದು ಒಳಗೆ ಮರಿಹುಳು ಬೆಳೆದ ಮೇಲಷ್ಟೇ ಅದು ಅಪಾಯಕಾರಿ. ಆದರೆ ಆಮೇಲೆ ಅದು ವರ್ಷಗಟ್ಟಲೆ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಅದರ ಹೊರಚಿಪ್ಪು ಹುಣಸೆಬೀಜದ ಸಿಪ್ಪೆಯ ಹಾಗೆ. ಮಳೆಗೂ ಜಗ್ಗದು, ಫಿನಾಯಿಲಿಗೂ ಜಗ್ಗದು. ಮಣ್ಣಲ್ಲಿ ಆಡಿ ಬೆರಳು ಬಾಯಿಗಿಡುವ ಮಗುವಿನ ಹೊಟ್ಟೆಗೆ ಆ ಮೊಟ್ಟೆ ಹೋದರೆ ಮರಿಹುಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತದೆ. ಕೆಲವೊಮ್ಮೆ ಕಣ್ಣಿಗೂ ಹೋಗಿ ದೃಷ್ಟಿ ಕೆಡಿಸುತ್ತದೆ.

ಎರಡನೆಯದು ಕೊಕ್ಕೆಹುಳು. ಇದರ ಅವಸರ ಹೆಚ್ಚು. ಬೆಚ್ಚಗಿನ, ತೇವದ ಮಣ್ಣು ಸಿಕ್ಕರೆ ಮೊಟ್ಟೆ ಒಂದೆರಡು ದಿನದಲ್ಲೇ ಒಡೆಯುತ್ತದೆ. ಐದರಿಂದ ಹತ್ತು ದಿನದಲ್ಲಿ ಮರಿಹುಳು ಚರ್ಮವನ್ನು ಕೊರೆದು ಒಳಗೆ ಇಳಿಯುವಷ್ಟು ಬಲಿಯುತ್ತದೆ. ಅದಕ್ಕೆ ಬಾಯಿ ಬೇಕಾಗಿಲ್ಲ, ಬರಿಗಾಲು ಸಾಕು. ಪಾದದ ಚರ್ಮದಡಿ ಕೆಂಪಗೆ ಹಾವಿನ ಹರಿದಾಟದಂಥ ಗೆರೆ, ನಿದ್ದೆಗೆಡಿಸುವ ತುರಿಕೆ ಕಾಣಿಸಿಕೊಂಡರೆ ಚರ್ಮವೈದ್ಯರು ಮೊದಲು ಸಂಶಯಿಸುವುದು ಇದನ್ನೇ. ಬೆಳಗಿನ ಜಾವ ಬರಿಗಾಲಲ್ಲಿ ಗೇಟಿನ ಮುಂದೆ ನೀರು ಹಾಕಿ ರಂಗೋಲಿ ಇಡುವವರನ್ನು ನೆನೆಯಿರಿ, ಹಿತ್ತಲಲ್ಲಿ ಚಪ್ಪಲಿ ಬಿಟ್ಟು ಹೂ ಕೀಳುವ ಅಜ್ಜಿಯನ್ನು ನೆನೆಯಿರಿ. ಚಳಿ ದೇಶಗಳಲ್ಲಿ ಹಿಮ ಬಿದ್ದು ಮಣ್ಣಲ್ಲಿರುವ ಈ ಮರಿಹುಳುಗಳು ಸಾಯುತ್ತವೆ. ಬೆಂಗಳೂರಿನಲ್ಲಿ ಹಿಮ ಬೀಳುವುದಿಲ್ಲ. ವರ್ಷಕ್ಕೆ ಹತ್ತಿರ ಹತ್ತಿರ 970 ಮಿಲಿಮೀಟರ್ ಮಳೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನ ಜಡಿಮಳೆ, ಯಾವ ಕಾಲಕ್ಕೂ ಅತಿರೇಕವಿಲ್ಲದ ಹವೆ. ನಮಗೆ ಹಿತವಾದ ಇದೇ ಹವೆ ಕೊಕ್ಕೆಹುಳುವಿಗೂ ಹಿತ.

ಹೀಗಾಗಿ ಅವತ್ತೇ ಎತ್ತುವವನು ಈ ಎರಡೂ ಹುಳುಗಳ ಸಂಸಾರ ಶುರುವಾಗುವ ಮೊದಲೇ ಮುಗಿಸಿರುತ್ತಾನೆ. ಭಾನುವಾರಕ್ಕೊಮ್ಮೆ ಎತ್ತುವವನು ರಾಶಿಯನ್ನು ಎತ್ತುತ್ತಾನೆ, ಹುಳುಗಳನ್ನು ಮಣ್ಣಲ್ಲೇ ಬಿಟ್ಟಿರುತ್ತಾನೆ. ಇಷ್ಟು ತಿಳಿದರೆ ಮುಕ್ಕಾಲು ಪಾಠ ಮುಗಿದಂತೆ.

ಆದರೂ ತಾಜಾ ಮಲ ಪೂರ್ತಿ ನಿರಪಾಯ ಎಂದುಕೊಳ್ಳಬೇಡಿ. ಜಿಯಾರ್ಡಿಯಾ, ಸಾಲ್ಮೊನೆಲ್ಲಾ ಇವು ಹೊರಬಂದಾಗಲೇ ಅಂಟುವಂಥವು. ಇನ್ನೊಂದು ಪುಟ್ಟ ಲಾಡಿಹುಳು ಇದೆ, ಎಕಿನೊಕಾಕಸ್. ಕುರಿಯ ಶ್ವಾಸಕೋಶ, ಯಕೃತ್ತುಗಳಲ್ಲಿ ನೀರುಗುಳ್ಳೆಯಾಗಿ ಕೂತಿರುವ ಇದು ಆ ಅಂಗವನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಬೆಳೆದು ಮೊಟ್ಟೆ ಹಾಕುತ್ತದೆ. ಆ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ವರ್ಷಗಳ ಮೇಲೆ ಅದೇ ಗುಳ್ಳೆ ನಮ್ಮ ಯಕೃತ್ತಿನಲ್ಲಿ ಬೆಳೆದಿರುತ್ತದೆ. ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತ ಮಾಂಸದಂಗಡಿಗಳಿಂದ ನಾಯಿಗೆಂದು ಅಗ್ಗದ ತುಣುಕು ತರುವವರು ಬಹಳ ಜನ. ತನ್ನಿ, ತಪ್ಪಿಲ್ಲ, ಆದರೆ ಕುದಿಸದೆ ಒಂದು ಚೂರೂ ಹಾಕಬೇಡಿ. ಕಕ್ಕ ಎತ್ತಿದ ಮೇಲೆ ಕೈಗೆ ಸೋಪು ಹಚ್ಚಿ ತೊಳೆಯುವುದು ಇದಕ್ಕೇ. ಗ್ಲೌಸ್ ಹಾಕಿಕೊಂಡಿದ್ದರೂ ತೊಳೆಯಿರಿ.

ಹಿತ್ತಲು ತೊಳೆಯುವ ಅಭ್ಯಾಸದ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಳಿಗ್ಗೆ ಪೈಪು ಹಿಡಿದು ಪೋರ್ಟಿಕೊ, ಸಂದಿ, ಹಿತ್ತಲು ಎಲ್ಲವನ್ನೂ ನೀರು ಬಿಟ್ಟು ಬೀದಿಯ ಚರಂಡಿಗೆ ತಳ್ಳಿಬಿಡುವುದು ನಮ್ಮ ಬಡಾವಣೆಗಳಲ್ಲಿ ದಿನದ ನೋಟ. ನೆಲ ಚೊಕ್ಕಟವಾಗಿ ಕಾಣುತ್ತದೆ, ನಿಜ. ಆದರೆ ಬೀದಿ ಬದಿಯ ಮೋರಿ ಬೇರೆ, ಜಲಮಂಡಳಿಯ ಒಳಚರಂಡಿ ಬೇರೆ ಎನ್ನುವುದು ಬಹಳ ಜನಕ್ಕೆ ತಿಳಿದಿಲ್ಲ. ಶೌಚಾಲಯದ ನೀರು ಒಳಚರಂಡಿಯಲ್ಲಿ ಸಂಸ್ಕರಣಾ ಘಟಕಕ್ಕೆ ಹೋಗಬೇಕಾದದ್ದು. ಬೀದಿ ಮೋರಿ ಮಳೆನೀರಿನದು. ಅದು ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ. ನಡುವೆ ಶುದ್ಧ ಮಾಡುವವರು ಯಾರೂ ಇಲ್ಲ. ಕಂಟೋನ್ಮೆಂಟಿನ ಇಳಿಜಾರಿನ ನೀರು ಹಲಸೂರು ಕೆರೆಗೆ ಇಳಿಯುತ್ತದೆ. ಆ ಕಣಿವೆಯ ನೀರು ಮುಂದೆ ಚಲ್ಲಘಟ್ಟದ ಕಡೆಗೆ ಹರಿದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ದಾಟಿ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದು ಈ ಭಾಗದವರಿಗೆ ನೆನಪಿರಬಹುದು. ನಮ್ಮ ಕೆರೆಗಳು ಕೆಡಲು ದೊಡ್ಡ ಕಾರಣ ಮನುಷ್ಯರ ಕೊಳಚೆ ನೀರೇ, ನಾಯಿ ಕಕ್ಕವಲ್ಲ. ಆ ಸತ್ಯವನ್ನು ಮುಚ್ಚಿಡುವುದಿಲ್ಲ. ಆದರೆ ಮಲ ಯಾರದ್ದಾದರೂ ನೀರಿಗೆ ಬಿದ್ದರೆ ಅದರಲ್ಲಿನ ಸಾರಜನಕ, ರಂಜಕ ಪಾಚಿಗೆ ಗೊಬ್ಬರವಾಗುತ್ತವೆ, ಕೊಳೆಯುವಾಗ ಮೀನಿನ ಉಸಿರಿಗೆ ಬೇಕಾದ ಆಮ್ಲಜನಕವನ್ನು ಅದು ಬಳಸಿಬಿಡುತ್ತದೆ. ಜತೆಗೆ ನೀರಿನ ಲೆಕ್ಕವೂ ಇದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ, ಗಿಡಕ್ಕೆ ಬಿಟ್ಟರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ಆ ಊರಿನಲ್ಲಿ ಕಕ್ಕ ತಳ್ಳಲು ಬಕೆಟ್‌ಗಟ್ಟಲೆ ನೀರು ಸುರಿಯುವುದು ಸಲ್ಲ. ಮೊದಲು ಒಣದಾಗಿ ಎತ್ತಿ, ಕಲೆ ಉಳಿದರೆ ಒಂದು ಚೊಂಬು ನೀರು ಸಾಕು.

ತಾರಸಿಯಲ್ಲಿ ನಾಯಿಯನ್ನು ಬಿಡುವವರು ಇನ್ನೂ ಎಚ್ಚರ ವಹಿಸಬೇಕು. 2009ರಿಂದ ಬೆಂಗಳೂರಿನಲ್ಲಿ 2400 ಚದರಡಿ ಅಥವಾ ಅದಕ್ಕಿಂತ ದೊಡ್ಡ ಜಾಗದ ಹಳೆಯ ಮನೆಗಳಿಗೂ 1200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಜಾಗದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯ. ಎಷ್ಟೋ ಮನೆಗಳಲ್ಲಿ ತಾರಸಿಯ ನೀರು ಒಂದು ಸಣ್ಣ ಫಿಲ್ಟರ್ ದಾಟಿ ನೇರ ಸಂಪಿಗೋ ಇಂಗುಗುಂಡಿಗೋ ಇಳಿಯುತ್ತದೆ. ಆ ಫಿಲ್ಟರಿನ ಜಲ್ಲಿ ಮರಳು ತರಗೆಲೆ ತಡೆಯುತ್ತದೆ, ರೋಗಾಣುವನ್ನಲ್ಲ. ಮಳೆನೀರು ಸಂಪಿಗೆ ಹೋಗುವ ತಾರಸಿಯನ್ನು ನಾಯಿಯ ಕಕ್ಕಸು ಮಾಡಬಾರದು. ಬೇರೆ ಗತಿಯೇ ಇಲ್ಲವೆಂದರೆ ಒಂದು ಮೂಲೆಯಲ್ಲಿ ಅಂಚು ಎತ್ತರದ ಟ್ರೇ ಇಟ್ಟು ಅದರಲ್ಲಿ ಮಾಡಲು ಕಲಿಸಿ, ಮಳೆಗಾಲದಲ್ಲಿ ಆ ಟ್ರೇಗೆ ಸೂರು ಕಟ್ಟಿ.

ಕಲಿಸುವುದು ಕಷ್ಟವಲ್ಲ. ಮರಿ ಎದ್ದ ಕೂಡಲೇ, ಊಟವಾದ ಹತ್ತಿಪ್ಪತ್ತು ನಿಮಿಷಕ್ಕೆ, ಆಟ ನಿಲ್ಲಿಸಿ ನೆಲ ಮೂಸುತ್ತ ಸುತ್ತು ಹಾಕತೊಡಗಿದಾಗ ಬೆಲ್ಟ್ ಹಾಕಿ ಅದೇ ಮೂಲೆಗೆ ಕರೆದೊಯ್ಯಿರಿ. ದಿನವೂ ಅದೇ ಮೂಲೆ, ಅದೇ ಮಾತು. ಮಾಡಿದ ತಕ್ಷಣ ಒಂದು ಬಿಸ್ಕತ್ತಿನ ಚೂರು, ಬೆನ್ನು ಸವರುವ ಕೈ. ಬೇರೆ ಕಡೆ ಮಾಡಿದ್ದಕ್ಕೆ ಮೂತಿ ಹಿಡಿದು ಅದರಲ್ಲಿ ಉಜ್ಜುವ ಕ್ರೂರ ಪದ್ಧತಿ ಇನ್ನೂ ಕೆಲವರಲ್ಲಿ ಇದೆ; ಅದರಿಂದ ನಾಯಿ ಕಲಿಯುವುದು ನಿಮ್ಮ ಕಣ್ಣು ತಪ್ಪಿಸಿ ಮಾಡುವುದನ್ನು ಮಾತ್ರ. ಮೂಲೆಯ ಆಯ್ಕೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಕಣ್ಣಿಗೆ ಬೀಳದಿರಲಿ ಎಂದು ಮಾವಿನ ಮರದ ನೆರಳಿನ, ಸದಾ ಒದ್ದೆಯಾಗಿರುವ ಜಾಗ ಕೊಡುತ್ತಾರೆ. ಕೊಕ್ಕೆಹುಳುವಿಗೆ ಬೇಕಾದದ್ದು ಅದೇ. ದಿನಕ್ಕೆ ಮೂರು ನಾಲ್ಕು ಗಂಟೆಯಾದರೂ ಬಿಸಿಲು ಬೀಳುವ, ನೀರು ನಿಲ್ಲದ ಜಾಗ ಕೊಡಿ. ನಾಲ್ಕಡಿ ಚೌಕದಲ್ಲಿ ಸಣ್ಣ ಜಲ್ಲಿ ಅಥವಾ ಒರಟು ಮರಳು ಹರವಿದರೆ ಮೂತ್ರ ಇಂಗುತ್ತದೆ, ಮಲ ಮೇಲೆ ನಿಂತು ಎತ್ತಲು ಸುಲಭವಾಗುತ್ತದೆ, ಬಿಸಿಲಿಗೆ ಬೇಗ ಒಣಗುತ್ತದೆ. ಹುಲ್ಲುಹಾಸಿನಲ್ಲಿ ಹಳದಿ ಕಲೆ ಏಳುವುದು ಮೂತ್ರದ ಸಾರಜನಕದಿಂದ. ನಾಯಿ ಎದ್ದ ಕೂಡಲೇ ಒಂದು ಮಗ್ ನೀರು ಹಾಕಿದರೆ ಹುಲ್ಲು ಉಳಿಯುತ್ತದೆ.

ಇನ್ನು ಎತ್ತುವ ವಿಧಾನ. ಹಳೆಯ ದಿನಪತ್ರಿಕೆಯ ಒಂದು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ. ಮಡಿಕೆಯ ಅಂಚನ್ನು ಕಕ್ಕದ ಬುಡಕ್ಕೆ ನೆಲಕ್ಕೆ ತಾಗಿದಂತೆ ಇಟ್ಟು, ಇನ್ನೊಂದು ಕೈಯಲ್ಲಿ ಹಿಡಿದ ರಟ್ಟಿನ ತುಂಡಿನಿಂದ ಅದರ ಮೇಲಕ್ಕೆ ಎಳೆದುಕೊಳ್ಳಿ. ಮೇಲಿನಿಂದ ಒತ್ತಬೇಡಿ, ಒತ್ತಿದರೆ ನೆಲಕ್ಕೆ ಮೆತ್ತುತ್ತದೆ. ರಟ್ಟನ್ನೂ ಅದರೊಳಗೇ ಹಾಕಿ ಪೊಟ್ಟಣ ಕಟ್ಟಿದರೆ ಮುಗಿಯಿತು. ಮಣ್ಣಿನ ನೆಲದಲ್ಲಾದರೆ ಉದ್ದ ಹಿಡಿಯ ಸಣ್ಣ ಸಲಿಕೆ ಮತ್ತು ಮೊರ ಅನುಕೂಲ. ಇವೆರಡನ್ನೂ ಈ ಕೆಲಸಕ್ಕೇ ಮೀಸಲಿಡಿ, ಗಿಡದ ಕೆಲಸಕ್ಕೆ ಬೆರೆಸಬೇಡಿ. ನಾಯಿಗೆ ಭೇದಿಯಾದಾಗ ನೀರಾಗಿ ಬಿದ್ದದ್ದನ್ನು ಗುಡಿಸಲು ಹೋದರೆ ಇನ್ನಷ್ಟು ಹರಡುತ್ತದೆ. ಅದರ ಮೇಲೆ ಮರದ ಹೊಟ್ಟನ್ನೋ ತೆಂಗಿನ ನಾರಿನ ಪುಡಿಯನ್ನೋ ಬೂದಿಯನ್ನೋ ಧಾರಾಳವಾಗಿ ಉದುರಿಸಿ, ಹತ್ತು ನಿಮಿಷ ಬಿಟ್ಟು, ಹೀರಿಕೊಂಡ ಮೇಲೆ ಮೇಲಿನ ಮಣ್ಣು ಸಮೇತ ಎತ್ತಿ. ಸಿಮೆಂಟಿನ ನೆಲವಾದರೆ ಆಮೇಲೆ ಕುದಿಯುವ ನೀರು ಹುಯ್ಯಿರಿ. ದುಂಡುಹುಳುವಿನ ಮೊಟ್ಟೆಯನ್ನು ಕೊಲ್ಲುವುದರಲ್ಲಿ ಅಂಗಡಿಯ ಔಷಧಿಗಳಿಗಿಂತ ಕುದಿನೀರಿನ ಮೇಲೆ ನನಗೆ ನಂಬಿಕೆ. ಸುಣ್ಣ ಎರಚುವುದು ಬೇಡ. ಅದು ವಾಸನೆ ತಗ್ಗಿಸಬಹುದು, ಮೊಟ್ಟೆಯನ್ನು ಕೊಲ್ಲುವುದಿಲ್ಲ, ಒದ್ದೆ ನೆಲದಲ್ಲಿ ನಾಯಿಯ ಅಂಗಾಲನ್ನು ಸುಡುತ್ತದೆ. ಫಿನಾಯಿಲ್ ಹಾಕಿದ ನೆಲವನ್ನು ನಾಯಿ ನೆಕ್ಕಿದರೆ ಅದೂ ವಿಷವೇ.

ಎತ್ತುವಾಗ ಒಂದು ಗಳಿಗೆ ನೋಡಿ. ಬಾಯಿಲ್ಲದ ಪ್ರಾಣಿ ತನ್ನ ಆರೋಗ್ಯವನ್ನು ಹೇಳಿಕೊಳ್ಳುವುದು ಇಲ್ಲಿಯೇ. ಕಂದು ಬಣ್ಣ, ಎತ್ತಿದರೆ ಆಕಾರ ಕೆಡದಷ್ಟು ಗಟ್ಟಿ ಇದ್ದರೆ ಚಿಂತೆಯಿಲ್ಲ. ಅಕ್ಕಿ ಕಾಳಿನಂಥ ಬಿಳಿ ಚೂರು ಕಂಡರೆ ಲಾಡಿಹುಳು, ಮತ್ತು ಅದನ್ನು ಹೊತ್ತು ತಂದ ಚಿಗಟ ಮೈಮೇಲಿದೆ ಎಂದರ್ಥ. ಎರಡಕ್ಕೂ ಔಷಧಿ ಆಗಬೇಕು. ಸುಣ್ಣದಂತೆ ಬೆಳ್ಳಗೆ, ಪುಡಿಪುಡಿಯಾಗಿದ್ದರೆ ಮೂಳೆ ಹೆಚ್ಚಾಗಿದೆ. ಟಾರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಹೊಟ್ಟೆಯಲ್ಲೋ ಸಣ್ಣ ಕರುಳಲ್ಲೋ ರಕ್ತ ಒಸರುತ್ತಿದೆ, ಅವತ್ತೇ ವೈದ್ಯರಲ್ಲಿಗೆ ಹೊರಡಿ. ಮರಿ ವಾಂತಿ ಮಾಡುತ್ತ, ರಕ್ತ ಬೆರೆತ, ಕೆಟ್ಟ ನಾತದ ಭೇದಿ ಮಾಡಿದರೆ ಪಾರ್ವೊ ಇರಬಹುದು, ಗಂಟೆಗಳ ಲೆಕ್ಕ. ಪಾರ್ವೊ ವೈರಸ್ಸು ಮಣ್ಣಲ್ಲಿ ತಿಂಗಳುಗಟ್ಟಲೆ, ವರ್ಷದವರೆಗೂ ಉಳಿಯಬಲ್ಲದು. ಪಾರ್ವೊದಿಂದ ನಾಯಿ ತೀರಿಕೊಂಡ ಹಿತ್ತಲಿಗೆ ಚುಚ್ಚುಮದ್ದು ಪೂರ್ತಿಯಾಗದ ಇನ್ನೊಂದು ಮರಿಯನ್ನು ತರಬಾರದು ಎನ್ನುವುದು ಈ ಕಾರಣಕ್ಕೆ.

ಈಗ ಆ ಪೊಟ್ಟಣ ಎಲ್ಲಿಗೆ ಹೋಗಬೇಕು? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಳಚರಂಡಿ ಇರುವ ಮನೆಯಲ್ಲಿ ಅತ್ಯುತ್ತಮ ಜಾಗ ನಿಮ್ಮದೇ ಶೌಚಾಲಯ. ಮೊರದಲ್ಲಿ ತಂದು ಕಮೋಡಿಗೆ ಹಾಕಿ ಫ್ಲಶ್ ಮಾಡಿ. ಪೇಪರ್, ಚೀಲ, ಜಲ್ಲಿ, ಹೊಟ್ಟು ಯಾವುದೂ ಜತೆಗೆ ಹೋಗಬಾರದು, ಮಲ ಮಾತ್ರ. ಮನುಷ್ಯರ ಮಲಕ್ಕೆ ಆಗುವ ಸಂಸ್ಕರಣೆ ಅದಕ್ಕೂ ಆಗುತ್ತದೆ, ಇನ್ನೊಬ್ಬರ ಕೈ ಮುಟ್ಟುವುದಿಲ್ಲ. ಹಲವರು ಮುಖ ಸಿಂಡರಿಸುತ್ತಾರೆ, ಆದರೆ ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಹೊರಭಾಗದ ಹಳೆಯ ಹಳ್ಳಿಗಳಲ್ಲಿ ಇನ್ನೂ ಪಿಟ್ ಇರುವ ಮನೆಯಾದರೆ ಪಿಟ್ ಬೇಗ ತುಂಬುತ್ತದೆ ಎನ್ನುವುದನ್ನು ಮಾತ್ರ ನೆನಪಿಡಿ.

ಎರಡನೆಯ ದಾರಿ ಕಸದ ಆಟೋ. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕಡ್ಡಾಯ ಮಾಡಿದ ಎರಡು ಬುಟ್ಟಿ ಒಂದು ಚೀಲದ ಪದ್ಧತಿ ನಿಮಗೆ ಗೊತ್ತಿದೆ: ಹಸಿರು ಬುಟ್ಟಿಗೆ ಹಸಿ ಕಸ, ಚೀಲಕ್ಕೆ ಒಣ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡಯಪರ್, ಬ್ಯಾಂಡೇಜಿನಂಥವು. ನಾಯಿ ಕಕ್ಕದ ಜಾಗ ಆ ಕೆಂಪು ಬುಟ್ಟಿ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೂ ನಿಮ್ಮ ಬೀದಿಗೆ ಬರುವವರು ಅದೇ ಕಸದ ಆಟೋದವರು. ಅವರನ್ನೇ ಒಮ್ಮೆ ಕೇಳಿ, ಹೇಗೆ ಕೊಟ್ಟರೆ ಅನುಕೂಲ ಎಂದು. ಎರಡು ಪದರ ಪೇಪರಿನಲ್ಲಿ ಕಟ್ಟಿ ಮೇಲೆ ಕೆಂಪು ಇಂಕಿನಲ್ಲಿ ಇಂಟು ಗುರುತು ಹಾಕಿ. ಹಸಿ ಕಸದ ಬುಟ್ಟಿಗೆ ತಪ್ಪಿಯೂ ಹಾಕಬೇಡಿ. ಆ ಕಸ ಗೊಬ್ಬರವಾಗಿ ಹೊಲಕ್ಕೆ ಹೋಗುವಂಥದ್ದು, ಮತ್ತು ಅದನ್ನು ಬೇರ್ಪಡಿಸುವುದು ಯಂತ್ರವಲ್ಲ, ಪೌರಕಾರ್ಮಿಕರ ಕೈ.

ಈ ಮಾತನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಫ್ರೇಜರ್ ಟೌನಿನಂಥ ಬಡಾವಣೆಗಳು 1898ರ ಪ್ಲೇಗಿನ ನಂತರ ಆರೋಗ್ಯದ ಯೋಚನೆಯಿಂದಲೇ ಹುಟ್ಟಿದವು. ಅಲ್ಲಿನ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಮನೆಮನೆಯ ಮಲವನ್ನು ಹಿಂಬಾಗಿಲಿನಿಂದ ಹೊತ್ತು ಒಯ್ಯುವವರು ನಡೆದಾಡಲು ಬಿಟ್ಟ ಓಣಿಗಳು ಅವು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ನಿಲ್ಲಿಸಿದರು. ಇಂದು ಅದೇ ಗಲ್ಲಿಗೆ ಹಿಂಗೋಡೆಯ ಮೇಲಿಂದ ನಾಯಿ ಕಕ್ಕದ ಪೊಟ್ಟಣ ಎಸೆಯುವವರಿದ್ದಾರೆ. ಮರುದಿನ ಅದನ್ನು ಬಳಿಯಲು ಬರುವವರು ಯಾರ ಮಕ್ಕಳು ಮೊಮ್ಮಕ್ಕಳು ಎಂದು ಯೋಚಿಸಿದರೆ ಕೈ ಮೇಲೇಳಬಾರದು. ಮನೆಕೆಲಸದವರ ಮೇಲೂ ಈ ಕೆಲಸ ಹೊರಿಸಬೇಡಿ. ಗುಡಿಸಿ ಒರೆಸಲು ಒಪ್ಪಿಕೊಂಡು ಬಂದ ಹೆಣ್ಣುಮಗಳಿಗೆ "ಹಾಗೇ ಹಿತ್ತಲೂ ನೋಡಿಕೊಂಡುಬಿಡಮ್ಮ" ಎನ್ನುವುದು ಅನ್ಯಾಯ. ಮುದ್ದಿಸಲು ನಾವು, ಬಳಿಯಲು ಅವರು ಎಂಬ ಹಂಚಿಕೆ ಸರಿಯಲ್ಲ.

ಕೆ.ಆರ್.ಪುರದಾಚೆಯ ಮಂಡೂರನ್ನೂ ಮರೆಯಬಾರದು. ನಗರದ ವಿಂಗಡಿಸದ ಕಸವೆಲ್ಲ ವರ್ಷಗಟ್ಟಲೆ ಆ ಹಳ್ಳಿಯ ಪಕ್ಕ ಬೆಟ್ಟವಾಗಿ ಬಿದ್ದು, ಊರಿನವರು ನೊಣ, ನಾತ, ಕೆಟ್ಟ ನೀರಿನ ವಿರುದ್ಧ ಬೀದಿಗಿಳಿದ ಮೇಲೆ 2014ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಕಸ ಸುರಿಯುವುದು ನಿಂತಿತು. ನಮ್ಮ ಗೇಟು ದಾಟಿದ ಪೊಟ್ಟಣ ಯಾವುದೋ ಊರಿನ ಹಿತ್ತಲಿಗೇ ಹೋಗಿ ಬೀಳುತ್ತದೆ.

ಮೂರನೆಯದು ಗುಂಡಿ. ಇದು ದೊಡ್ಡ ಕಾಂಪೌಂಡ್ ಉಳ್ಳವರಿಗೆ ಮಾತ್ರ. ಬಾವಿ, ಬೋರ್‌ವೆಲ್, ಸಂಪು, ಇಂಗುಗುಂಡಿ ಇವುಗಳಿಂದ 50 ಅಡಿಯಾದರೂ ದೂರ ಇರಬೇಕು. 40×60 ಸೈಟಿನಲ್ಲಿ ಬೋರ್‌ವೆಲ್ ಇದ್ದರೆ ಈ ಅಳತೆ ಹೊಂದುವುದು ಕಷ್ಟ, ಅಲ್ಲಿಗೆ ಗುಂಡಿಯ ಆಸೆ ಬಿಡಿ. ಜಾಗವಿದ್ದರೆ ಎರಡಡಿ ಅಗಲ, ಮೂರಡಿ ಆಳ ತೋಡಿಸಿ, ಬಾಯಿಗೆ ಕಲ್ಲುಚಪ್ಪಡಿಯನ್ನೋ ಬಿಗಿ ಮುಚ್ಚಳವನ್ನೋ ಹಾಕಿ. ಹೆಗ್ಗಣ ನುಗ್ಗದಂತೆ, ಮಳೆನೀರು ಹರಿದು ಒಳಗೆ ಬಾರದಂತೆ ಸುತ್ತ ಮಣ್ಣಿನ ಕಟ್ಟೆ ಇರಲಿ. ಪ್ರತಿ ಸಲ ಕಕ್ಕ ಹಾಕಿದ ಮೇಲೆ ಎರಡು ಹಿಡಿ ತರಗೆಲೆ, ಒಂದು ಹಿಡಿ ಮಣ್ಣು. ಮೇಲೆ ಒಂದಡಿ ಉಳಿದಾಗ ಮಣ್ಣು ತುಂಬಿ ಮುಚ್ಚಿ, ಬೇರೆ ಕಡೆ ತೋಡಿ. ಮುಚ್ಚಿದ ಗುಂಡಿಯನ್ನು ಮತ್ತೆ ಅಗೆಯಬೇಡಿ. ಮೇಲೆ ಕ್ರೋಟನ್ನೋ ಕಾಗದದ ಹೂವಿನ ಬಳ್ಳಿಯನ್ನೋ ನೆಟ್ಟುಬಿಡಿ. ನಮ್ಮ ಕೆಂಪು ಮಣ್ಣಿನ ಕೆಳಗೆ ಜೇಡಿ ಪದರ ಸಿಕ್ಕರೆ ನೀರು ಇಂಗದೆ ಗುಂಡಿ ನಾರುತ್ತದೆ. ತೋಡಿದ ಕೂಡಲೇ ಎರಡು ಬಕೆಟ್ ನೀರು ಹುಯ್ದು ಮರುದಿನ ನೋಡಿ. ನೀರು ನಿಂತಿದ್ದರೆ ಆ ಜಾಗ ಬೇಡ.

ಕಾಂಪೋಸ್ಟ್ ಮಾಡಬಹುದೇ ಎಂದು ಕೇಳುವ ಉತ್ಸಾಹಿಗಳಿಗೆ ನಿರಾಸೆಯ ಉತ್ತರವೇ ಕೊಡಬೇಕಾಗಿದೆ. ಅಮೆರಿಕದ ಅಲಾಸ್ಕದಲ್ಲಿ ಜಾರುಬಂಡಿ ಎಳೆಯುವ ನಾಯಿಗಳನ್ನು ಸಾಕುವವರ ಜತೆ ಅಲ್ಲಿನ ಕೃಷಿ ಇಲಾಖೆ ಇದನ್ನು ಮಾಡಿ ನೋಡಿ 2005ರಲ್ಲಿ ಕೈಪಿಡಿಯನ್ನೇ ಹೊರತಂದಿತು. ಎರಡು ಪಾಲು ಮಲಕ್ಕೆ ಒಂದು ಪಾಲು ಮರದ ಹೊಟ್ಟು, ಹದವಾದ ತೇವ, ಆಗಾಗ ಮಗುಚುವುದು. ರಾಶಿಯ ಒಳಗೆ 60 ಡಿಗ್ರಿಗೂ ಮೇಲೆ ಬಿಸಿ ಏರಿತು. ಆದರೆ ಅವರದ್ದು ಡಜನ್‌ಗಟ್ಟಲೆ ನಾಯಿಗಳ ದೊಡ್ಡ ರಾಶಿ. ಬಿಸಿ ಹಿಡಿದಿಡಲು ಸುಮಾರು ಒಂದು ಘನ ಮೀಟರ್ ರಾಶಿ ಬೇಕು. ತಿಂಗಳಿಗೆ 9 ಕಿಲೊ ಕೊಡುವ ನಿಮ್ಮ ಒಂದು ನಾಯಿಯಿಂದ ಅದು ಆಗದು. ಅಷ್ಟು ಮಾಡಿಯೂ ಆ ಗೊಬ್ಬರವನ್ನು ತಿನ್ನುವ ಬೆಳೆಗೆ ಹಾಕಬಾರದೆಂದು ಅವರೇ ಹೇಳಿದ್ದಾರೆ. ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆ 2006ರಿಂದ ಮನೆಮನೆಗೆ ಮುಟ್ಟಿಸಿದ ಮಣ್ಣಿನ ಕಾಂಪೋಸ್ಟ್ ಕಂಬ ನಿಮ್ಮಲ್ಲಿದ್ದರೆ ಅದು ಅಡುಗೆಮನೆಯ ಕಸಕ್ಕೇ ಇರಲಿ, ನಾಯಿಯದನ್ನು ಅದರಲ್ಲಿ ಸೇರಿಸಬೇಡಿ.

ಪೆಟ್ ಶಾಪಿನಲ್ಲಿ ಸಿಗುವ ಬಣ್ಣದ ಪೂಪ್ ಬ್ಯಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಕಿಂಗ್ ಹೋದಾಗ ಒಂದೆರಡು ಜೇಬಿನಲ್ಲಿರಲಿ. ಬೀದಿಯಲ್ಲಾಗಲಿ ಪಾರ್ಕಿನಲ್ಲಾಗಲಿ ಎತ್ತುವ ಹೊಣೆ ನಿಮ್ಮದೇ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಹಿತ್ತಲಿಗಂತೂ ಪೇಪರೇ ಸಾಕು.

ಕೊನೆಯದಾಗಿ ಜಂತಿನ ಔಷಧಿ. ಹಿತ್ತಲಿನ ಸ್ವಚ್ಛತೆ ಶುರುವಾಗುವುದು ನಾಯಿಯ ಕರುಳಿನಿಂದ. ಮರಿಗೆ ಎರಡು ವಾರ ತುಂಬಿದಾಗಿನಿಂದ ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ ಕೊಡುವುದು ರೂಢಿ. ಪ್ರಮಾಣ ತೂಕದ ಮೇಲೆ ನಿರ್ಧಾರವಾಗುವುದರಿಂದ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಿಸಬೇಡಿ. ಔಷಧಿ ಕೊಟ್ಟ ಮುಂದಿನ ಎರಡು ಮೂರು ದಿನ ಬೀಳುವ ಮಲದಲ್ಲಿ ಹುಳು, ಮೊಟ್ಟೆ ಹೆಚ್ಚಿರುತ್ತವೆ, ಆ ದಿನಗಳಲ್ಲಿ ಬಿದ್ದ ಗಳಿಗೆಯಲ್ಲೇ ಎತ್ತಿ. ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗಾಗಲಿ, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗಾಗಲಿ, ನಿಮ್ಮ ಬೀದಿಯ ಕ್ಲಿನಿಕ್ಕಿಗಾಗಲಿ ಮುಂದಿನ ಸಲ ನಾಯಿಯನ್ನು ಕರೆದೊಯ್ಯುವಾಗ ಬಿಗಿ ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಅವತ್ತಿನ ಮಲವನ್ನು ಒಂದು ಚಮಚದಷ್ಟು ತೆಗೆದುಕೊಂಡು ಹೋಗಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಹುಳುವಿನ ಮೊಟ್ಟೆ ಇದೆ ಎಂದು ಹೇಳುತ್ತಾರೆ, ಅದಕ್ಕೆ ತಕ್ಕ ಔಷಧಿ ಬರೆದುಕೊಡುತ್ತಾರೆ.